ಬಂದರೆ, ಬಂದರೂ, ಬಂದಾಗ: ಮಕ್ಕಳ ಇಂಗ್ಲಿಷ್ ಬಗ್ಗೆ ಓದುಗರ ಪ್ರಶ್ನೆ, ಶಿಕ್ಷಕಿಯ ಉತ್ತರ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಎಲ್ಲಿ ತೊಡಕಾಗುತ್ತಿದೆ, ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯದವು: ಟೆನ್ಸ್ (ಕ್ರಿಯಾಪದ ತೋರಿಸುವ ಕಾಲ) ಮತ್ತು ಕಂಜಂಕ್ಷನ್ (ಮಾತುಗಳನ್ನು ಜೋಡಿಸುವ ಪದ). ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಪಾಠ. ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಇವೆರಡನ್ನೂ ಒಂದೇ ಪಾಠವೆಂದು ನಂಬಿದವಳು. ಕನ್ನಡ ಮಾತಾಡುವ ಮಗುವಿಗಂತೂ ಒಂದೇ. ಯಾಕೆಂದು ಉತ್ತರಗಳಲ್ಲಿ ಹೇಳುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಬೇಕೆಂದೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ಮಗುವಿನ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳುವಂತಿರಬೇಕು.

ಪ್ರಶ್ನೆ: ಏಳನೇ ತರಗತಿಯ ನನ್ನ ಮಗಳು ಹನ್ನೆರಡು ಟೆನ್ಸ್‌ಗಳ ಚಾರ್ಟನ್ನು ಕಣ್ಣುಮುಚ್ಚಿ ಒಪ್ಪಿಸುತ್ತಾಳೆ. ಆದರೆ ನಿನ್ನೆ ಏನು ಮಾಡಿದೆ ಬರೆ ಅಂದರೆ, ‘ಐ ಗಾಟ್ ಅಪ್ ಅಂಡ್ ವಾಶ್ ಮೈ ಫೇಸ್ ಅಂಡ್ ಡ್ರಿಂಕ್ ಮಿಲ್ಕ್ ಅಂಡ್ ವೆಂಟ್ ಟು ಸ್ಕೂಲ್’ ಎಂದು ಬರೆಯುತ್ತಾಳೆ. ಮೊದಲನೆಯದು ಸರಿ, ಕೊನೆಯದು ಸರಿ, ನಡುವಿನವು ಮಾತ್ರ ತಪ್ಪು. ಇದು ಗಮನದ ಕೊರತೆಯೇ? (ತಾಯಿ, ರಾಣೆಬೆನ್ನೂರು)

ಖಂಡಿತ ಅಲ್ಲ. ದಯವಿಟ್ಟು ಇದಕ್ಕಾಗಿ ಅವಳನ್ನು ಗದರಬೇಡಿ. ಅವಳ ಮನಸ್ಸಿನಲ್ಲಿ ಓಡುತ್ತಿರುವ ಕನ್ನಡ ವಾಕ್ಯವನ್ನು ಕೇಳಿ: ‘ಎದ್ದು, ಮುಖ ತೊಳೆದು, ಹಾಲು ಕುಡಿದು, ಶಾಲೆಗೆ ಹೋದೆ.’ ನಾಲ್ಕು ಕೆಲಸ ಇದೆ, ಆದರೆ ಕಾಲವನ್ನು ಹೇಳುವುದು ‘ಹೋದೆ’ ಒಂದೇ. ಬೇಕಾದರೆ ಕೊನೆಯ ಪದವನ್ನಷ್ಟೇ ಬದಲಿಸಿ ನೋಡಿ. ‘ಎದ್ದು, ಮುಖ ತೊಳೆದು, ಹಾಲು ಕುಡಿದು, ಶಾಲೆಗೆ ಹೋಗ್ತೀನಿ’ ಅಂದರೆ ಮೊದಲ ಮೂರು ಪದಗಳು ಅಲುಗಾಡಲಿಲ್ಲ, ಆದರೂ ಇಡೀ ವಾಕ್ಯ ನಿನ್ನೆಯಿಂದ ನಾಳೆಗೆ ಹೋಯಿತು. ಎದ್ದು, ತೊಳೆದು, ಕುಡಿದು ಇವಕ್ಕೆ ಕನ್ನಡ ವ್ಯಾಕರಣದಲ್ಲಿ ಕೃದಂತಾವ್ಯಯ ಎನ್ನುತ್ತಾರೆ. ಯಾರು ಮಾಡಿದರು, ಯಾವಾಗ ಮಾಡಿದರು ಎಂಬುದನ್ನು ಅವು ಕೊನೆಯ ಕ್ರಿಯಾಪದಕ್ಕೆ ಬಿಟ್ಟುಕೊಡುತ್ತವೆ.

ಇಂಗ್ಲಿಷ್‌ನಲ್ಲಿ ‘ಅಂಡ್’ ಹಾಕಿ ಕೆಲಸಗಳನ್ನು ಜೋಡಿಸಿದಾಗ ಆ ಅನುಕೂಲ ಇಲ್ಲ. ಪ್ರತಿಯೊಂದು ಕ್ರಿಯಾಪದವೂ ತನ್ನ ಕಾಲವನ್ನು ತಾನೇ ಹೇಳಬೇಕು: ಗಾಟ್, ವಾಶ್ಡ್, ಡ್ರ್ಯಾಂಕ್, ವೆಂಟ್. ನಿಮ್ಮ ಮಗಳು ಕಾಲ ಮರೆತಿಲ್ಲ. ಕನ್ನಡದ ನ್ಯಾಯದಲ್ಲಿ ಕೊನೆಯಲ್ಲಿ ಒಮ್ಮೆ ಹೇಳಿದರೆ ಸಾಕು ಎಂದುಕೊಂಡಿದ್ದಾಳೆ. ಅವಳಿಗೆ ಗೊತ್ತಿಲ್ಲದಿರುವುದು ‘ಅಂಡ್’ ಎಂಬ ಪದ ಏನು ಕೇಳುತ್ತದೆ ಎಂಬುದು. ಟೆನ್ಸಿನ ತಪ್ಪು ಎಂದು ನಾವು ಕೆಂಪು ಗೆರೆ ಎಳೆಯುತ್ತೇವೆ, ತಪ್ಪಿನ ಬೇರು ಕಂಜಂಕ್ಷನ್‌ನಲ್ಲಿದೆ.

ಮನೆಯಲ್ಲಿ ಹೀಗೆ ಮಾಡಿ. ಮೊದಲು ಕನ್ನಡದಲ್ಲೇ ವಾಕ್ಯವನ್ನು ಬಿಡಿಸಲಿ: ‘ಎದ್ದೆ. ಮುಖ ತೊಳೆದೆ. ಹಾಲು ಕುಡಿದೆ. ಶಾಲೆಗೆ ಹೋದೆ.’ ಪ್ರತಿ ಸಲ ‘ಎ’ಕಾರದಲ್ಲಿ ನಿಲ್ಲಿಸಲಿ. ನಾಲ್ಕಕ್ಕೂ ನಾಲ್ಕು ಇಂಗ್ಲಿಷ್ ವಾಕ್ಯ ಬರೆಯಲಿ. ಆಮೇಲೆ ಅನಗತ್ಯವಾದ ‘ಐ’ಗಳನ್ನು ಹೊಡೆದುಹಾಕಿ ಕೊನೆಯ ಜೋಡಣೆಗೆ ಮಾತ್ರ ‘ಅಂಡ್’ ಹಾಕಲಿ: ‘ಐ ಗಾಟ್ ಅಪ್, ವಾಶ್ಡ್ ಮೈ ಫೇಸ್, ಡ್ರ್ಯಾಂಕ್ ಮಿಲ್ಕ್ ಅಂಡ್ ವೆಂಟ್ ಟು ಸ್ಕೂಲ್.’ ಬಿಡಿಸುವುದನ್ನು ಮೊದಲು, ಕೂಡಿಸುವುದನ್ನು ಆಮೇಲೆ. ದಿನಕ್ಕೆ ಒಂದು ವಾಕ್ಯ ಸಾಕು.

ಚಾರ್ಟಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಕ್ರಿಯಾಪದ ತನ್ನ ಮೈಯನ್ನೇ ಬದಲಿಸಿ ತೋರಿಸುವುದು ಎರಡು ಕಾಲಗಳನ್ನು ಮಾತ್ರ: ವಾಕ್, ವಾಕ್ಡ್. ಉಳಿದದ್ದೆಲ್ಲ ಆಮ್, ಈಸ್, ಹ್ಯಾವ್, ಹ್ಯಾಡ್, ವಿಲ್ ಎಂಬ ಸಹಾಯಕ ಪದಗಳ ಕೂಡಾಟ. ಹನ್ನೆರಡು ಮನೆಗಳ ಕೋಷ್ಟಕ ದೊಡ್ಡವರಿಗೆ ಅನುಕೂಲ. ‘ಐ ವಿಲ್ ಹ್ಯಾವ್ ಬೀನ್ ಗೋಯಿಂಗ್’ ಎಂಬುದನ್ನು ಹನ್ನೆರಡು ವರ್ಷದ ಮಗು ಯಾರಿಗೂ ಹೇಳಬೇಕಾಗಿ ಬರುವುದಿಲ್ಲ. 2007ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಏಳನೆಯ ತರಗತಿಗೆ ಬರುವ ಮಗು ಅಷ್ಟು ವರ್ಷ ಭಾಷೆಯನ್ನು ಕಿವಿಯಲ್ಲಿ ತುಂಬಿಕೊಂಡು ಬಂದಿರುತ್ತದೆ. ಅದಕ್ಕೆ ಬೇಕಾದದ್ದು ಐದಾರು ರೂಪಗಳ ಮೇಲೆ ಹಿಡಿತ. ಕೋಷ್ಟಕ ಪ್ರೌಢಶಾಲೆಗೆ ಹೋದ ಮೇಲೆ ಬಂದರೂ ನಷ್ಟವಿಲ್ಲ.

ಪ್ರಶ್ನೆ: ‘ದೋ ಇಟ್ ರೇನ್ಡ್ ಬಟ್ ವಿ ಪ್ಲೇಡ್’, ‘ಬಿಕಾಸ್ ಐ ಹ್ಯಾಡ್ ಫೀವರ್ ಸೋ ಐ ಡಿಡ್ ನಾಟ್ ಕಮ್.’ ಎಷ್ಟು ಸಲ ತಿದ್ದಿದರೂ ಮಕ್ಕಳು ಎರಡೆರಡು ಕಂಜಂಕ್ಷನ್ ಹಾಕುತ್ತಾರೆ. ಏನು ಮಾಡಲಿ? (ಶಿಕ್ಷಕ, ಲಿಂಗಸುಗೂರು ತಾಲ್ಲೂಕು)

ಕಪ್ಪುಹಲಗೆಯ ಮೇಲೆ ಇವನ್ನು ಒಂದರ ಕೆಳಗೊಂದು ಬರೆಯಿರಿ: ಬಂದು, ಬಂದರೆ, ಬಂದರೂ, ಬಂದಾಗ, ಬಂದ ಮೇಲೆ, ಬಂದ ಕೂಡಲೇ, ಬಂದದ್ದರಿಂದ, ಬರುವ ಮೊದಲು, ಬರುವವರೆಗೆ, ಬರದಿದ್ದರೆ. ಪಕ್ಕದಲ್ಲಿ ಇಂಗ್ಲಿಷ್ ಬರೆಯಿರಿ: ಅಂಡ್, ಇಫ್, ದೋ, ವೆನ್, ಆಫ್ಟರ್, ಆ್ಯಸ್ ಸೂನ್ ಆ್ಯಸ್, ಬಿಕಾಸ್, ಬಿಫೋರ್, ಅನ್‌ಟಿಲ್, ಅನ್‌ಲೆಸ್. ಮಧ್ಯಮ ಹಂತದ ಕಂಜಂಕ್ಷನ್ ಪಾಠದ ದೊಡ್ಡ ಪಾಲು ಅಲ್ಲಿಗೆ ಮುಗಿಯುತ್ತದೆ. ಕನ್ನಡದಲ್ಲಿ ಜೋಡಿಸುವ ಕೆಲಸ ಕ್ರಿಯಾಪದದ ಬಾಲದಲ್ಲಿ ನಡೆಯುತ್ತದೆ. ಇಂಗ್ಲಿಷ್ ಆ ಬಾಲವನ್ನು ಕತ್ತರಿಸಿ ಬಿಡಿ ಪದವಾಗಿಸಿ ಉಪವಾಕ್ಯದ ತಲೆಯ ಮೇಲೆ ಇಡುತ್ತದೆ. ಬಾಲ ಕಳೆದುಕೊಂಡ ಕ್ರಿಯಾಪದ ಮತ್ತೆ ಪೂರ್ಣ ಕ್ರಿಯಾಪದವಾಗಬೇಕು, ಅಂದರೆ ಅದಕ್ಕೆ ಕಾಲ ಬೇಕು. ಕಂಜಂಕ್ಷನ್ ಕಲಿಸಿದಲ್ಲೆಲ್ಲ ಟೆನ್ಸ್ ಕಲಿಸಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ನಿಮ್ಮ ‘ದೋ’ ಮತ್ತು ‘ಬಟ್.’ ಕನ್ನಡದಲ್ಲಿ ಇದನ್ನು ಎರಡು ರೀತಿ ಹೇಳುತ್ತೇವೆ. ‘ಮಳೆ ಬಂದರೂ ಆಡಿದೆವು’ ಒಂದು. ‘ಮಳೆ ಬಂತು, ಆದರೆ ಆಡಿದೆವು’ ಇನ್ನೊಂದು. ‘ಮಳೆ ಬಂದರೂ ಆದರೆ ಆಡಿದೆವು’ ಎಂದು ಯಾವ ಮಗುವೂ ಹೇಳುವುದಿಲ್ಲ. ಆ ಮೂರನೆಯ ವಾಕ್ಯವನ್ನು ತರಗತಿಯಲ್ಲಿ ನೀವೇ ಗಟ್ಟಿಯಾಗಿ ಹೇಳಿ. ಮಕ್ಕಳು ತಾವೇ ತಿದ್ದುತ್ತಾರೆ. ‘ದೋ’ ಹಾಕಿದರೆ ‘ಬಂದರೂ’ ವಾಕ್ಯ, ‘ಬಟ್’ ಹಾಕಿದರೆ ‘ಆದರೆ’ ವಾಕ್ಯ ಎಂದು ಆಗ ಹೇಳಿ. ಹಳೆಯ ಪುಸ್ತಕಗಳಲ್ಲಿ ‘ದೋ’ ಜೊತೆ ‘ಯೆಟ್’ ಕಾಣುತ್ತದೆ, ಅದು ತಪ್ಪಲ್ಲ. ಆದರೆ ಈ ವಯಸ್ಸಿಗೆ ಎರಡು ಉಪವಾಕ್ಯಕ್ಕೆ ಒಂದು ಕೊಂಡಿ ಎಂಬ ಲೆಕ್ಕವೇ ನೇರ.

‘ಬಿಕಾಸ್’ ಮತ್ತು ‘ಸೋ’ ಸಮಸ್ಯೆಗೆ ಆಡುಮಾತಿನಲ್ಲೇ ಉತ್ತರವಿದೆ. ‘ನಾನು ಬರಲಿಲ್ಲ, ಯಾಕಂದ್ರೆ ಜ್ವರ ಬಂದಿತ್ತು.’ ‘ಜ್ವರ ಬಂದಿತ್ತು, ಅದಕ್ಕೆ ಬರಲಿಲ್ಲ.’ ಯಾಕಂದ್ರೆ ಅಂದರೆ ‘ಬಿಕಾಸ್’, ಅದಕ್ಕೆ ಅಂದರೆ ‘ಸೋ.’ ಪದಗಳ ಜಾಗ ಕೂಡ ಎರಡೂ ಭಾಷೆಯಲ್ಲಿ ಒಂದೇ. ‘ಬಿಕಾಸ್’ನಿಂದ ವಾಕ್ಯ ಆರಂಭಿಸುವುದು ಸರಿಯೇ ಆದರೂ, ಕೆಲವು ವಾರ ಅದನ್ನು ನಡುವಿನಲ್ಲೇ ಇಟ್ಟು ಅಭ್ಯಾಸ ಮಾಡಿಸಿ. ನಡುವೆ ಇಟ್ಟಾಗ ‘ಸೋ’ಗೆ ಜಾಗವೇ ಸಿಗುವುದಿಲ್ಲ.

‘ಅನ್‌ಲೆಸ್’ ಬಂದಾಗ ಎಚ್ಚರ. ‘ಬರದಿದ್ದರೆ’ಯಲ್ಲಿರುವ ‘ದ’ ಎಂಬ ನಿಷೇಧ ‘ಅನ್‌ಲೆಸ್’ ಒಳಗೇ ಇದೆ. ಅದರ ಮುಂದೆ ಇನ್ನೊಂದು ‘ನಾಟ್’ ಬೇಡ.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಅಲ್ಲಿ ಕಲಿತು ಬಂದವರು ನಿಮ್ಮ ಸುತ್ತಲಿನ ಶಾಲೆಗಳಲ್ಲಿ ಇದ್ದರೆ ಅವರೊಡನೆ ಕೂತು ಈ ಪಟ್ಟಿಯನ್ನು ಬೆಳೆಸಿ. ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಮೂವರು ಸೇರಿದರೆ ನಿಮ್ಮ ಕಡೆಯ ಮಾತಿನ ರೂಪಗಳೂ ಅದರಲ್ಲಿ ಸೇರುತ್ತವೆ.

ಪ್ರಶ್ನೆ: ‘ಇಫ್ ಇಟ್ ವಿಲ್ ರೇನ್ ಟುಮಾರೋ’ ಎಂದು ಬರೆದೆ, ಟೀಚರ್ ‘ವಿಲ್’ ಹೊಡೆದುಹಾಕಿದರು. ನಾಳೆ ಅಂದರೆ ಭವಿಷ್ಯತ್ ಅಲ್ಲವೇ? (ಎಂಟನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಒಳ್ಳೆಯ ಪ್ರಶ್ನೆ ಮರಿ. ಸುಮ್ಮನೆ ಒಪ್ಪಿಕೊಳ್ಳದೆ ಕೇಳಿದ್ದು ನನಗೆ ತುಂಬ ಇಷ್ಟವಾಯಿತು. ನೀನು ಕನ್ನಡದಲ್ಲಿ ಏನು ಹೇಳುತ್ತೀ? ‘ನಾಳೆ ಮಳೆ ಬಂದರೆ.’ ಆ ‘ಬಂದರೆ’ಯನ್ನು ಬಿಡಿಸಿ ನೋಡು: ಬಂದ, ರೆ. ‘ಬಂದ’ ನಿನ್ನೆಯ ರೂಪ. ನಾಳೆಯ ಮಳೆಗೆ ನಾವು ನಿನ್ನೆಯ ರೂಪ ಬಳಸುತ್ತಿದ್ದೇವೆ, ಯಾರಿಗೂ ಗೊಂದಲವಾಗಿಲ್ಲ. ಯಾಕೆಂದರೆ ನಾಳೆ ಎಂಬ ಸುದ್ದಿಯನ್ನು ಮುಖ್ಯ ವಾಕ್ಯ ಹೇಳುತ್ತದೆ: ‘ಮಳೆ ಬಂದರೆ ಮನೆಯಲ್ಲೇ ಇರ್ತೀವಿ.’ ಇಂಗ್ಲಿಷ್ ಕೂಡ ಇದನ್ನೇ ಮಾಡುತ್ತದೆ. ಅದು ನಿನ್ನೆಯ ರೂಪದ ಬದಲು ಇವತ್ತಿನ ರೂಪ ತೆಗೆದುಕೊಳ್ಳುತ್ತದೆ, ಅಷ್ಟೇ: ‘ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಸ್ಟೇ ಅಟ್ ಹೋಮ್.’ ‘ವಿಲ್’ ಒಂದೇ ಸಲ, ಮುಖ್ಯ ವಾಕ್ಯದಲ್ಲಿ.

ವೆನ್, ಆಫ್ಟರ್, ಆ್ಯಸ್ ಸೂನ್ ಆ್ಯಸ್, ಬಿಫೋರ್, ಅನ್‌ಟಿಲ್ ಎಲ್ಲಕ್ಕೂ ಇದೇ ನಿಯಮ. ‘ಅಪ್ಪ ಬಂದಾಗ ಕೇಳ್ತೀನಿ’ ಎನ್ನುವುದು ‘ಐ ವಿಲ್ ಆಸ್ಕ್ ವೆನ್ ಫಾದರ್ ಕಮ್ಸ್.’ ಇಲ್ಲಿ ಕನ್ನಡದ ಒಂದು ಸೊಗಸು ಗಮನಿಸು. ಮುಗಿದ ಮೇಲಿನದಕ್ಕೆ ‘ಬಂದ’ (ಬಂದಾಗ, ಬಂದ ಮೇಲೆ, ಬಂದ ಕೂಡಲೇ), ಇನ್ನೂ ಆಗದಿರುವುದಕ್ಕೆ ‘ಬರುವ’ (ಬರುವ ಮೊದಲು, ಬರುವವರೆಗೆ). ಇಂಗ್ಲಿಷ್ ಆ ವ್ಯತ್ಯಾಸ ಇಟ್ಟುಕೊಂಡಿಲ್ಲ. ನಾಳೆಯ ಮಾತಾದರೆ ಎಲ್ಲದಕ್ಕೂ ‘ಕಮ್ಸ್’ ಸಾಕು. ಈ ಒಂದು ಕಡೆ ನಿನ್ನ ಕೆಲಸ ಹಗುರ.

ಆದರೆ ‘ವೆನ್’ಗೆ ಇನ್ನೊಂದು ಕೆಲಸವಿದೆ. ‘ಅಪ್ಪ ಯಾವಾಗ ಬರ್ತಾರೋ ಗೊತ್ತಿಲ್ಲ’ ಅನ್ನುವಾಗ ‘ಐ ಡೋಂಟ್ ನೋ ವೆನ್ ಫಾದರ್ ವಿಲ್ ಕಮ್’ ಎಂದೇ ಬರೆಯಬೇಕು, ಅಲ್ಲಿ ‘ವಿಲ್’ ಸರಿ. ಗುರುತು ಹಿಡಿಯುವುದು ಸುಲಭ. ಕನ್ನಡದಲ್ಲಿ ‘ಬಂದಾಗ’ ಬಂದರೆ ‘ವಿಲ್’ ಬೇಡ, ‘ಯಾವಾಗ’ ಬಂದರೆ ‘ವಿಲ್’ ಇರಲಿ. ನಿನ್ನ ಟೀಚರಿಗೂ ಇದನ್ನು ತೋರಿಸು.

ಪ್ರಶ್ನೆ: ನನ್ನ ಮಗ ಎಲ್ಲದಕ್ಕೂ ‘ವಿಲ್’ ಹಾಕುತ್ತಾನೆ. ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್.’ (ತಂದೆ, ಪೀಣ್ಯ, ಬೆಂಗಳೂರು)

‘ದಿನಾ ಆರಕ್ಕೆ ಏಳ್ತೀನಿ’, ‘ನಾಳೆ ಆರಕ್ಕೆ ಏಳ್ತೀನಿ.’ ಆಡುಮಾತಿನಲ್ಲಿ ರೂಢಿಗೂ ನಾಳೆಗೂ ‘ಏಳ್ತೀನಿ’ ಒಂದೇ. ಹುಡುಗ ಅದಕ್ಕೆ ಒಂದೇ ಇಂಗ್ಲಿಷ್ ರೂಪ ಕೊಡುತ್ತಿದ್ದಾನೆ. ಪುಸ್ತಕದ ಕನ್ನಡದಲ್ಲಿ ‘ಏಳುವೆನು’ ಎಂಬ ಭವಿಷ್ಯತ್ ರೂಪ ಇದ್ದರೂ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಅದು ನೆರವಿಗೆ ಬಾರದು. ಬರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ‘ದಿನಾ’ ಎಂದು ಸೇರಿಸಬಹುದೇ? ಸೇರಿಸಬಹುದಾದರೆ ಬರಿಯ ಕ್ರಿಯಾಪದ: ‘ಐ ಗೆಟ್ ಅಪ್ ಅಟ್ ಸಿಕ್ಸ್ ಎವ್ರಿ ಡೇ.’ ಅವನ ಅಥವಾ ಅವಳ ರೂಢಿಯಾದರೆ ಕೊನೆಗೆ ‘ಸ್’: ‘ಮೈ ಸಿಸ್ಟರ್ ಗೆಟ್ಸ್ ಅಪ್.’ ಏಳ್ತೀನಿ, ಏಳ್ತಾನೆ, ಏಳ್ತಾಳೆ, ಏಳ್ತಾರೆ ಎಂದು ಇಷ್ಟೆಲ್ಲ ಬಾಲಗಳನ್ನು ತಪ್ಪಿಲ್ಲದೆ ಬಳಸುವ ಹುಡುಗನಿಗೆ ಒಂದು ‘ಸ್’ ಭಾರವಲ್ಲ ಎಂದು ಅವನಿಗೆ ಹೇಳಿ.

ಪ್ರಶ್ನೆ: ‘ಡಿಡ್ ನಾಟ್ ವೆಂಟ್’ ತಪ್ಪಿಸುವುದು ಹೇಗೆ? (ಶಿಕ್ಷಕಿ, ಬೈಲಹೊಂಗಲ)

‘ಬಂದಲಿಲ್ಲ’ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಮಕ್ಕಳನ್ನು ಕೇಳಿ. ಬಂದ, ಆದರೆ ಬರಲಿಲ್ಲ. ತಿಂದ, ಆದರೆ ತಿನ್ನಲಿಲ್ಲ. ಹೋದ, ಆದರೆ ಹೋಗಲಿಲ್ಲ. ನಿಷೇಧ ಬಂದ ತಕ್ಷಣ ಕನ್ನಡ ಕ್ರಿಯಾಪದ ತನ್ನ ಭೂತರೂಪ ಬಿಟ್ಟು ಮೂಲಕ್ಕೆ ಮರಳುತ್ತದೆ, ಕಾಲವನ್ನು ‘ಲಿಲ್ಲ’ ನೋಡಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸ ‘ಡಿಡ್ ನಾಟ್’ದು. ವೆಂಟ್, ಆದರೆ ಡಿಡ್ ನಾಟ್ ಗೋ. ಇಷ್ಟು ಹತ್ತಿರದ ಹೋಲಿಕೆ ಇದ್ದೂ ನಾವು ಇದನ್ನು ಸೂತ್ರವಾಗಿ ಬಾಯಿಪಾಠ ಮಾಡಿಸುತ್ತೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳುವ ವಾಕ್ಯದಲ್ಲಿ ಮಾತ್ರ ಈ ದಾರಿ ಸಾಗದು. ‘ಹೋದನಾ?’ ಎನ್ನುವಾಗ ಕನ್ನಡ ಭೂತರೂಪವನ್ನು ಉಳಿಸಿಕೊಳ್ಳುತ್ತದೆ, ಇಂಗ್ಲಿಷ್ ಅಲ್ಲೂ ಬಿಡುತ್ತದೆ: ‘ಡಿಡ್ ಹಿ ಗೋ?’ ಅದಕ್ಕೇ ‘ಡಿಡ್ ಹಿ ವೆಂಟ್?’ ಎಂಬ ತಪ್ಪು ಹೆಚ್ಚು ಕಾಲ ಉಳಿಯುತ್ತದೆ. ಮೊದಲು ನಿಷೇಧವನ್ನು ಗಟ್ಟಿಮಾಡಿ, ಅದು ಕೂತ ಮೇಲೆ ಪ್ರಶ್ನೆಗೆ ಬನ್ನಿ.

ಪ್ರಶ್ನೆ: ‘ಯೆಸ್ಟರ್‌ಡೇ ಐ ಹ್ಯಾಡ್ ಕಮ್ ಟು ಯುವರ್ ಹೌಸ್.’ ದೊಡ್ಡವರೂ ಹೀಗೆ ಮಾತಾಡುತ್ತಾರೆ. ಇದು ನಿಜವಾಗಿ ತಪ್ಪೇ? (ಕಾಲೇಜು ವಿದ್ಯಾರ್ಥಿ, ತಮ್ಮನಿಗೆ ಪಾಠ ಹೇಳುವವನು, ಚಿತ್ರದುರ್ಗ)

ಅರ್ಥ ತಿಳಿಯುತ್ತದೆ, ಆದರೆ ಇಂಗ್ಲಿಷ್ ಅದನ್ನು ‘ಐ ಕೇಮ್ ಟು ಯುವರ್ ಹೌಸ್ ಯೆಸ್ಟರ್‌ಡೇ’ ಎಂದೇ ಹೇಳುತ್ತದೆ. ನಾವು ‘ಹ್ಯಾಡ್’ ಹಾಕುವುದಕ್ಕೆ ಕಾರಣ ನಮ್ಮ ‘ಬಂದಿದ್ದೆ.’ ಕನ್ನಡದಲ್ಲಿ ‘ನಿನ್ನೆ ಬಂದಿದ್ದೆ’ ಅಂದರೆ ಬಂದು ಹೋದೆ, ಈಗ ಅಲ್ಲಿಲ್ಲ ಎಂಬ ಭಾವ. ‘ಬಂದಿದ್ದೇನೆ’ ಅಂದರೆ ಬಂದು ಇಲ್ಲೇ ಇದ್ದೇನೆ. ಬಹಳ ನವಿರಾದ ವ್ಯತ್ಯಾಸ. ಇಂಗ್ಲಿಷ್‌ನ ‘ಹ್ಯಾಡ್’ ಈ ಬಂದು-ಹೋದ ಲೆಕ್ಕ ಇಡುವುದಿಲ್ಲ. ಅದು ಕೇಳುವುದು ಇಷ್ಟೇ: ಹಿಂದಿನ ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತು? ಎರಡನೆಯ ಘಟನೆ ಮಾತಿನಲ್ಲೋ ಮನಸ್ಸಿನಲ್ಲೋ ಇರಲೇಬೇಕು.

ಅಂಥ ವಾಕ್ಯ ಕನ್ನಡದಲ್ಲೂ ಇದೆ: ‘ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.’ ಇದಕ್ಕೆ ‘ಹ್ಯಾಡ್’ ಸರಿಯಾಗಿ ಹೊಂದುತ್ತದೆ: ‘ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.’ ಇದರಲ್ಲಿ ‘ಹ್ಯಾಡ್’ ತೆಗೆದು ‘ದ ಬಸ್ ಲೆಫ್ಟ್’ ಎಂದರೆ ನಾನು ಬಂದ ಹೊತ್ತಿಗೆ ಬಸ್ಸು ಹೊರಟಿತು ಎಂದಾಗಿಬಿಡುತ್ತದೆ. ತಮ್ಮನಿಗೆ ಈ ಬಸ್ಸಿನ ವಾಕ್ಯವನ್ನೇ ಕಲಿಸಿ. ‘ಹ್ಯಾಡ್’ ಬರೆದಾಗಲೆಲ್ಲ ಯಾವುದಕ್ಕಿಂತ ಮೊದಲು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ‘ಹ್ಯಾಡ್’ ಹೋಗಲಿ. ‘ಬಿಫೋರ್’ ಅಥವಾ ‘ಆಫ್ಟರ್’ ಇದ್ದರೆ ಕ್ರಮವನ್ನು ಆ ಪದಗಳೇ ಹೇಳುವುದರಿಂದ ‘ಹ್ಯಾಡ್’ ಇಲ್ಲದೆಯೂ ವಾಕ್ಯ ನಡೆಯುತ್ತದೆ.

ಪ್ರಶ್ನೆ: ‘ಸಿನ್ಸ್ ಟೂ ಇಯರ್ಸ್’ ಯಾಕೆ ತಪ್ಪು? (ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ, ಕಾಸರಗೋಡು)

ನಮ್ಮ ‘ಇಂದ’ ಎರಡನ್ನೂ ಹೊತ್ತುಕೊಳ್ಳುತ್ತದೆ: ಎರಡು ವರ್ಷದಿಂದ, ಸೋಮವಾರದಿಂದ. ಇಂಗ್ಲಿಷ್ ಇದನ್ನು ಒಡೆಯುತ್ತದೆ. ಎಣಿಸಬಹುದಾದ ಅವಧಿಗೆ ‘ಫಾರ್’, ಶುರುವಾದ ಗಳಿಗೆಗೆ ‘ಸಿನ್ಸ್.’ ಆದರೆ ‘ಸಿನ್ಸ್’ ಹೊಡೆದು ‘ಫಾರ್’ ಹಾಕಿಸಿದರೆ ಕೆಲಸ ಅರ್ಧವಾಯಿತು ಅಷ್ಟೇ. ‘ಐ ಆಮ್ ಸ್ಟಡಿಯಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಇನ್ನೂ ಸರಿಹೋಗಿಲ್ಲ. ಕನ್ನಡಕ್ಕೆ ‘ಓದ್ತಾ ಇದ್ದೇನೆ’ ಸಾಕಾದರೂ ಇಂಗ್ಲಿಷ್‌ಗೆ ಅಂದಿನಿಂದ ಇಂದಿನವರೆಗಿನ ದಾರಿ ಕಾಣಬೇಕು: ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಹಿಯರ್ ಫಾರ್ ಟೂ ಇಯರ್ಸ್.’ ಹಲಗೆಯ ಮೇಲೆ ಒಂದು ಗೆರೆ ಎಳೆದು ಎಡತುದಿಗೆ ಎರಡು ವರ್ಷ ಹಿಂದಿನ ಇಸವಿ, ಬಲತುದಿಗೆ ‘ಈಗ’ ಎಂದು ಬರೆಯಿರಿ. ಎಡತುದಿ ‘ಸಿನ್ಸ್’, ಗೆರೆಯ ಉದ್ದ ‘ಫಾರ್’, ಇಡೀ ಗೆರೆ ‘ಹ್ಯಾವ್ ಬೀನ್.’ ನಿಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವವರಾದರೂ ಗೆರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ: ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನಾಟ್ ನೋಯಿಂಗ್’ ಕೂಡ ಕನ್ನಡದ ಪ್ರಭಾವವೇ? (ಮೈಸೂರು)

ನನ್ನ ಅಭಿಪ್ರಾಯದಲ್ಲಿ ಅಲ್ಲ. ‘ಇಬ್ಬರು ಅಣ್ಣಂದಿರಿದ್ದಾರೆ’, ‘ಗೊತ್ತಿಲ್ಲ’ ಎಂಬ ಕನ್ನಡದಲ್ಲಿ ‘ಉತ್ತಾ ಇದ್ದೇನೆ’ ಎಲ್ಲೂ ಇಲ್ಲ. ಚಿತ್ರ ತೋರಿಸಿ ‘ಹಿ ಈಸ್ ರನ್ನಿಂಗ್, ಶಿ ಈಸ್ ಈಟಿಂಗ್’ ಎಂದು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಹೇಳಿಸುವ ನಮ್ಮ ಕ್ರಮದಿಂದ ಇದು ಬೆಳೆದಿದೆ. ಕಣ್ಣಿಗೆ ಕಾಣುವ ಕೆಲಸಕ್ಕೆ ‘ಇಂಗ್’. ತಿಳಿಯುವುದು, ಬೇಕೆನ್ನುವುದು, ಇರುವುದು ಇವಕ್ಕೆ ಬೇಡ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಅಲ್ಲಿ ಊಟ ಮಾಡುವ ಕೆಲಸ ಕಾಣುತ್ತಿದೆ.

ಪ್ರಶ್ನೆ: ‘ಗೋ’ದ ಭೂತಕಾಲ ‘ಗೋಡ್’ ಯಾಕಲ್ಲ? (ಆರನೇ ತರಗತಿ ವಿದ್ಯಾರ್ಥಿ, ಕೊಪ್ಪಳ)

‘ವೆಂಟ್’ ಮೂಲತಃ ಬೇರೊಂದು ಕ್ರಿಯಾಪದದ ಭೂತರೂಪ ಪುಟ್ಟ. ‘ವೆಂಡ್’ ಎಂಬ ಹಳೆಯ ಪದವಿತ್ತು, ದಾರಿ ಹಿಡಿದು ಸಾಗು ಎಂಬ ಅರ್ಥದ್ದು. ಸೆಂಡ್–ಸೆಂಟ್, ಬೆಂಡ್–ಬೆಂಟ್ ಹೇಗೋ ಹಾಗೆ ವೆಂಡ್–ವೆಂಟ್. ‘ಗೋ’ಗೆ ಇದ್ದ ತನ್ನದೇ ಭೂತರೂಪ ಬಳಕೆ ತಪ್ಪಿಹೋದಾಗ ‘ವೆಂಟ್’ ಆ ಜಾಗಕ್ಕೆ ಬಂತು. ಎದುರು ದಿಕ್ಕಿನಲ್ಲೂ ಬದಲಾವಣೆ ನಡೆದಿದೆ. ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಎಂಬ ರೂಪವಿತ್ತು, ಈಗ ‘ಹೆಲ್ಪ್ಡ್.’ ಹೊಸದಾಗಿ ಬರುವ ಕ್ರಿಯಾಪದಗಳೆಲ್ಲ ಸಾಮಾನ್ಯವಾಗಿ ‘ಎಡ್’ ಹಾದಿಯನ್ನೇ ಹಿಡಿಯುತ್ತವೆ: ಗೂಗಲ್ಡ್.

ನಿನ್ನ ಕನ್ನಡದಲ್ಲೂ ಅಳು–ಅತ್ತ, ನಗು–ನಕ್ಕ, ಏಳು–ಎದ್ದ, ಬೀಳು–ಬಿದ್ದ, ಕೊಡು–ಕೊಟ್ಟ ಇವೆ. ಇವನ್ನು ನೀನು ಯಾವ ಪಟ್ಟಿಯಿಂದಲೂ ಕಲಿಯಲಿಲ್ಲ, ಕೇಳಿ ಕೇಳಿ ಕಲಿತೆ. ಇಂಗ್ಲಿಷ್‌ನವನ್ನೂ ಗುಂಪು ಮಾಡಿ ಹಾಡಿನಂತೆ ಹೇಳು. ಸಿಂಗ್–ಸ್ಯಾಂಗ್, ರಿಂಗ್–ರ್ಯಾಂಗ್, ಡ್ರಿಂಕ್–ಡ್ರ್ಯಾಂಕ್, ಸ್ವಿಮ್–ಸ್ವ್ಯಾಮ್ ಒಂದು ಗುಂಪು. ಬ್ರಾಟ್, ಬಾಟ್, ಥಾಟ್, ಕಾಟ್, ಟಾಟ್ ಇನ್ನೊಂದು. ಕಟ್, ಪುಟ್, ಹಿಟ್, ಶಟ್ ಬದಲಾಗುವುದೇ ಇಲ್ಲ. ‘ರೀಡ್’ ಬರೆಯುವಾಗ ಬದಲಾಗದೆ ಓದುವಾಗ ‘ರೆಡ್’ ಆಗುತ್ತದೆ. ಅಕಾರಾದಿ ಪಟ್ಟಿ ಬೇಡ.

ಪ್ರಶ್ನೆ: ‘ವಾಕೆಡ್’ ಎನ್ನಬೇಕೋ ‘ವಾಕ್ಟ್’ ಎನ್ನಬೇಕೋ? (ಗದಗ)

‘ವಾಕ್ಟ್’ ಎಂದೇ ಉಚ್ಚರಿಸಬೇಕು. ಮೇಲೆ ‘ವಾಕ್ಡ್’ ಎಂದು ಬರೆದದ್ದು ಕಾಗುಣಿತದ ಗುರುತಿಗಾಗಿ. ಕ್, ಪ್, ಸ್, ಶ್, ಚ್, ಫ್ ಸದ್ದುಗಳ ನಂತರ ‘ಟ್.’ 'ಟ್' ಅಥವಾ ‘ಡ್’ ಸದ್ದಿನಲ್ಲಿ ಮುಗಿಯುವ ಪದಕ್ಕೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಉಳಿದದ್ದಕ್ಕೆ ‘ಡ್’: ಪ್ಲೇಡ್, ಓಪನ್ಡ್.

ಪ್ರಶ್ನೆ: ‘ಅಪ್ಪ ನಾಳೆ ಬರ್ತೀನಿ ಅಂತ ಹೇಳಿದ್ರು’ ಎಂಬುದಕ್ಕೆ ಮೊಮ್ಮಗಳು ‘ಫಾದರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದಿದ್ದಾಳೆ. ನನಗೆ ಸರಿಯೆಂದೇ ತೋರುತ್ತದೆ. (ಅಜ್ಜ, ಸೊಲ್ಲಾಪುರ)

ನಿಮಗೆ ಹಾಗೆ ತೋರುವುದು ಸಹಜ, ಯಾಕೆಂದರೆ ಕನ್ನಡದ ‘ಅಂತ’ ಹೇಳಿದವರ ಮಾತನ್ನು ಇದ್ದ ಹಾಗೇ ಉಳಿಸಿಕೊಡುತ್ತದೆ. ಅಪ್ಪ ‘ಬರ್ತೀನಿ’ ಅಂದರು, ನಾವೂ ‘ಬರ್ತೀನಿ ಅಂತ’ ಅನ್ನುತ್ತೇವೆ. ಇಂಗ್ಲಿಷ್‌ನ ‘ದಟ್’ ಹಾಗಲ್ಲ. ಅದು ಬಂದೊಡನೆ ಮಾತು ಹೇಳುತ್ತಿರುವವಳದಾಗುತ್ತದೆ. ಮೊಮ್ಮಗಳ ವಾಕ್ಯವನ್ನು ಇಂಗ್ಲಿಷ್‌ನವರು ಓದಿದರೆ ನಾಳೆ ಬರುವವಳು ಮೊಮ್ಮಗಳೇ ಎಂದು ತಿಳಿಯುತ್ತಾರೆ! ಸರಿಯಾದದ್ದು: ‘ಫಾದರ್ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’ ಐ ಹೋಗಿ ಹಿ ಆಯಿತು, ವಿಲ್ ಹೋಗಿ ವುಡ್ ಆಯಿತು, ನಾಳೆ ಹೋಗಿ ಮರುದಿನವಾಯಿತು. ಒಂದು ಸಣ್ಣ ಕೊಂಡಿ ಮೂರು ಕಡೆ ಬದಲಾವಣೆ ಕೇಳಿತು.

ಇದು ಕಷ್ಟವೆನಿಸಿದರೆ ಉದ್ಧರಣ ಚಿಹ್ನೆ ಹಾಕಿ ಅಪ್ಪನ ಮಾತನ್ನೇ ಬರೆಯಲಿ: ಫಾದರ್ ಸೆಡ್, “ಐ ವಿಲ್ ಕಮ್ ಟುಮಾರೋ.” ಇದು ಸಂಪೂರ್ಣ ಸರಿ, ‘ಅಂತ’ಕ್ಕೆ ಇದೇ ಹತ್ತಿರ. ‘ಟೋಲ್ಡ್’ ಬಳಸಿದರೆ ಯಾರಿಗೆ ಎಂದು ಹೇಳಲೇಬೇಕು: ‘ಟೋಲ್ಡ್ ಮಿ.’

ಪ್ರಶ್ನೆ: ನಾನು ಬರೆದದ್ದನ್ನು ತಿದ್ದಿ ಕೊಡಿ. ‘ಲಾಸ್ಟ್ ಸಂಡೇ ವಿ ಹ್ಯಾಡ್ ಗಾನ್ ಟು ಗೋಲ್ ಗುಂಬಜ್. ಮುಹಮ್ಮದ್ ಆದಿಲ್ ಶಾ ಹ್ಯಾಡ್ ಬಿಲ್ಟ್ ಇಟ್. ಇಟ್ ವಾಸ್ ವೆರಿ ಬಿಗ್. ವಿ ಕ್ಲೈಂಬ್ ದ ಸ್ಟೆಪ್ಸ್ ಅಂಡ್ ರೀಚ್ ದ ಗ್ಯಾಲರಿ ಅಂಡ್ ಕ್ಲ್ಯಾಪ್ಡ್. ವೆನ್ ಮೈ ಬ್ರದರ್ ವಿಲ್ ವಿಸ್ಪರ್, ಐ ಹರ್ಡ್ ಇಟ್ ಆನ್ ದ ಅದರ್ ಸೈಡ್. ದೋ ಐ ವಾಸ್ ಟೈರ್ಡ್ ಬಟ್ ಐ ಡಿಡ್ ನಾಟ್ ವಾಂಟ್ ಟು ಕಮ್ ಡೌನ್.’ (ಏಳನೇ ತರಗತಿ ವಿದ್ಯಾರ್ಥಿನಿ, ಇಂಡಿ, ವಿಜಯಪುರ ಜಿಲ್ಲೆ)

ಮೊದಲು ಕೊನೆಯ ವಾಕ್ಯಕ್ಕೆ ಬರುತ್ತೇನೆ. ‘ಡಿಡ್ ನಾಟ್ ವಾಂಟ್’ ಎಂದು ಬರೆದಿದ್ದೀ, ‘ಡಿಡ್ ನಾಟ್ ವಾಂಟೆಡ್’ ಅಲ್ಲ. ಬಹಳ ಚೆನ್ನಾಗಿದೆ. ‘ದೋ’ ಇರುವುದರಿಂದ ‘ಬಟ್’ ಹೋಗಲಿ.

‘ಹೋಗಿದ್ದೆವು’, ‘ಕಟ್ಟಿಸಿದ್ದ’ ಎಂದು ಯೋಚಿಸಿದ್ದರಿಂದ ಎರಡು ಕಡೆ ‘ಹ್ಯಾಡ್’ ಬಂದಿದೆ. ಯಾವುದಕ್ಕಿಂತ ಮೊದಲು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ, ಹಾಗಾಗಿ ‘ವೆಂಟ್’, ‘ಬಿಲ್ಟ್’ ಸಾಕು. ‘ಇಟ್ ವಾಸ್ ವೆರಿ ಬಿಗ್’ ವ್ಯಾಕರಣದ ತಪ್ಪಲ್ಲ. ಆದರೆ ಗುಮ್ಮಟ 1656ರ ಸುಮಾರಿಗೆ ಕಟ್ಟಿ ಮುಗಿದು ಇವತ್ತಿಗೂ ನಿಂತಿದೆ, ನಾಳೆಯೂ ಅಷ್ಟೇ ದೊಡ್ಡದು. ನೀನು ಹೋಗಿ ಬಂದದ್ದು ಮುಗಿದ ಸಂಗತಿ, ಗುಮ್ಮಟದ ದೊಡ್ಡತನ ಮುಗಿದಿಲ್ಲ. ಅಲ್ಲಿ ‘ಈಸ್’ ಹಾಕಿದರೆ ಹೆಚ್ಚು ಚೆಂದ. ಕ್ಲೈಂಬ್, ರೀಚ್ ಎರಡಕ್ಕೂ ‘ಎಡ್’ ಬೇಕು. ಯಾಕೆಂದು ಮೇಲೆ ರಾಣೆಬೆನ್ನೂರಿನ ತಾಯಿಗೆ ಬರೆದ ಉತ್ತರ ಓದು. ‘ವೆನ್’ ಜೊತೆಯ ‘ವಿಲ್’ ಬೇಡ. ಹೋದ ಭಾನುವಾರದ ಮಾತಾದ್ದರಿಂದ ‘ವಿಸ್ಪರ್ಡ್.’

ಈಗ ಓದು: ‘ಲಾಸ್ಟ್ ಸಂಡೇ ವಿ ವೆಂಟ್ ಟು ಗೋಲ್ ಗುಂಬಜ್. ಮುಹಮ್ಮದ್ ಆದಿಲ್ ಶಾ ಬಿಲ್ಟ್ ಇಟ್. ಇಟ್ ಈಸ್ ವೆರಿ ಬಿಗ್. ವಿ ಕ್ಲೈಂಬ್ಡ್ ದ ಸ್ಟೆಪ್ಸ್, ರೀಚ್ಡ್ ದ ಗ್ಯಾಲರಿ ಅಂಡ್ ಕ್ಲ್ಯಾಪ್ಡ್. ವೆನ್ ಮೈ ಬ್ರದರ್ ವಿಸ್ಪರ್ಡ್, ಐ ಹರ್ಡ್ ಇಟ್ ಆನ್ ದ ಅದರ್ ಸೈಡ್. ದೋ ಐ ವಾಸ್ ಟೈರ್ಡ್, ಐ ಡಿಡ್ ನಾಟ್ ವಾಂಟ್ ಟು ಕಮ್ ಡೌನ್.’

ತಮ್ಮ ಏನು ಪಿಸುಗುಟ್ಟಿದ ಎಂದು ನೀನು ಬರೆದೇ ಇಲ್ಲ. ‘ಹಿ ಸೆಡ್’ ಎಂದು ಶುರುಮಾಡಿ, ಉದ್ಧರಣ ಚಿಹ್ನೆಯಲ್ಲಿ ಅವನ ಮಾತು ಸೇರಿಸಿ ಮತ್ತೆ ಕಳಿಸು.